ಗಿರಿಜಾಂಬಿಕಾ ಕೂತ ದಿನ

ಮಗು ಕೂರುವುದಿಲ್ಲ ಎಂದಷ್ಟೇ ಹೇಳಿದರೆ ಸಾಕೇ? ಕುತ್ತಿಗೆ ನಿಲ್ಲುವುದಿಲ್ಲ ಎಂದೂ ಹೇಳಬೇಕೇ? ಹಾಗೆ ಒಂದೊಂದಾಗಿ ಹೇಳುತ್ತ ಹೋದರೆ ಹೆತ್ತ ಅಪ್ಪನೇ ಮಗಳ ಮೇಲೆ ಚಾಡಿ ಹೇಳಿದ ಹಾಗಾಗುವುದಿಲ್ಲವೇ?

ಹೊನ್ನವಳ್ಳಿಯ ಬಸ್‌ಸ್ಟ್ಯಾಂಡಿನಿಂದ ಮನೆಯ ಕಡೆ ನಡೆಯುತ್ತ ತೋಂಟದಾರ್ಯ ಇದನ್ನೇ ಯೋಚಿಸುತ್ತಿದ್ದ. ಪಕ್ಕದಲ್ಲಿ ತುಮಕೂರಿನಿಂದ ಬಂದಿದ್ದ ಇನ್ಶೂರೆನ್ಸ್ ಆಫೀಸರು ಗಂಗಾಧರಯ್ಯ ತೋಟಗಳನ್ನು ನೋಡಿಕೊಂಡು ಬರುತ್ತಿದ್ದರು. ಕಾರು ಕಳಿಸುತ್ತೇವೆ ಎಂದರೆ ಅವರು ಒಪ್ಪಿರಲಿಲ್ಲ. ಕೆಲಸಕ್ಕೆ ಬಂದ ಮನೆಯವರ ಕಾರು ಹತ್ತುವುದಿಲ್ಲ ಎಂದಿದ್ದರು. ಅಂಥ ಮನುಷ್ಯನ ಜೊತೆ ದಾರಿಯುದ್ದಕ್ಕೂ ಮಾತಾಡಬಹುದಿತ್ತು. ಮಗುವನ್ನು ಕಂಡರೆ ಅವರಿಗೇ ತಿಳಿಯುತ್ತದೆ ಎಂದುಕೊಂಡು ತೋಂಟದಾರ್ಯ ಸುಮ್ಮನಿದ್ದ.

ಹಿಂದಿನ ವರ್ಷ, ಎಂಬತ್ತೆರಡರಲ್ಲಿ, ಹಾಲ್ಕುರಿಕೆ ಮಠದಿಂದ ಬರುವಾಗ ಭಾವ ಏಕಾಂತಯ್ಯನ ಅಂಬಾಸಿಡರ್ ಕಾರಿಗೆ ಲಾರಿಯೊಂದು ಗುದ್ದಿತ್ತು. ಉಳಿದವರಿಗೆ ತರಚುಗಾಯವಷ್ಟೇ. ನಾಲ್ಕು ವರ್ಷದ ಗಿರಿಜಾಂಬಿಕಾಗೆ ತಲೆಗೆ ಪೆಟ್ಟಾಗಿ, ಬೀದಿಯೆಲ್ಲ ಓಡಾಡುತ್ತಿದ್ದ ಹುಡುಗಿ ನೆನೆದ ಬಟ್ಟೆಯ ಹಾಗೆ ಚಾಪೆಯ ಮೇಲೆ ಉಳಿದಳು. ವಾರಕ್ಕೊಮ್ಮೆ ಬೆಂಗಳೂರಿನ ಆಸ್ಪತ್ರೆಗೆ ತಂದು ಕೈಕಾಲಿಗೆ ವ್ಯಾಯಾಮ ಮಾಡಿಸಿದರೆ ಸುಧಾರಿಸಬಹುದು ಎಂದಿದ್ದರು ಡಾಕ್ಟರು. ಕಾರನ್ನು ಏಕಾಂತಯ್ಯ ಕೊಡುತ್ತಿದ್ದ. ಆದರೆ ಒಂದು ಸಲ ಗುಬ್ಬಿ ದಾಟಿದ ಮೇಲೆ, ತಾಯಿಯ ತೊಡೆಯ ಮೇಲಿದ್ದಂತೆಯೇ ಮಗುವಿನ ತಲೆ ಮುಂದಕ್ಕೆ ಬಿದ್ದು, ಉಸಿರು ಕಟ್ಟಿ, ಮುಖ ನೀಲಿಯಾಯಿತು. ಇನ್ನು ಹೀಗೆ ತರಬೇಡಿ ಎಂದುಬಿಟ್ಟರು ಡಾಕ್ಟರು. ಬೆನ್ನನ್ನೂ ಕುತ್ತಿಗೆಯನ್ನೂ ಹಿಡಿದು ನಿಲ್ಲಿಸುವ ಪಟ್ಟಿಗಳಿರುವ ಸೀಟೊಂದನ್ನು ಅವಳ ಅಳತೆಗೆ ಮಾಡಿಸಿ ಕಾರಿನಲ್ಲಿ ಹಾಕಿಸಬೇಕು. ತೋಂಟದಾರ್ಯನ ದಿನಸಿ ಅಂಗಡಿಗೆ ಅದು ಎಟುಕುವ ಮಾತಲ್ಲ. ಲಾರಿಯ ಇನ್ಶೂರೆನ್ಸ್ ಕಂಪನಿಯವರು, ಮಗುವನ್ನು ನೋಡುತ್ತೇವೆ, ಬೇಕೇಬೇಕು ಅನ್ನಿಸಿದರೆ ಖರ್ಚು ಕೊಡುತ್ತೇವೆ ಎಂದಿದ್ದರು. ನೋಡುವ ದಿನ ಇವತ್ತು.

ಜಗಲಿಯ ಮೇಲೆ ಏಕಾಂತಯ್ಯ ಕಾಯುತ್ತಿದ್ದ. ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರಿ, ಹೆಂಡತಿಯ ಅಣ್ಣ.

"ಬರ್ಬೇಕು ಸ್ವಾಮಿ. ದಾರೀಲಿ ಒಂದು ಎಳನೀರಾದ್ರೂ ಕೊಡಿಸಿದ್ನಾ ಇವ್ನು? ಮಾತಂತೂ ಆಡಿರಲ್ಲ ಬುಡಿ. ಅಂಗಡೀಲಿ ಬೇಳೆ ಅಳ್ದಂಗೆ ಮಾತೂ ಅಳ್ದು ಕೊಡ್ತಾನೆ ನಮ್ ಭಾವ."

ಆಫೀಸರು ನಕ್ಕರು. ತೋಂಟದಾರ್ಯ ಮುಂದಾಗಿ ಹೊಸ್ತಿಲು ದಾಟಿದವನು ಅಲ್ಲೇ ನಿಂತುಬಿಟ್ಟ.

ಗಿರಿಜಾಂಬಿಕಾ ಕೂತಿದ್ದಳು.

ಪಡಸಾಲೆಯ ಕಂಬಕ್ಕೆ ಒರಗಿ, ಮಣೆಯ ಮೇಲೆ, ರೇಷ್ಮೆ ಲಂಗ ಹರಡಿಕೊಂಡು ನೆಟ್ಟಗೆ ಕೂತಿದ್ದಳು. ಹಣೆಯಲ್ಲಿ ವಿಭೂತಿ. ಮುಡಿಯಿಂದ ಕಿವಿಯವರೆಗೆ ಮೊಗ್ಗಿನ ಜಡೆಯ ಹೂವು. ತಲೆ ಎತ್ತಿಯೇ ಇತ್ತು. ಅಗಲವಾಗಿ ತೆರೆದ ಕಣ್ಣು ಬಾಗಿಲ ಕಡೆಗಿತ್ತು. ಬೆಳಿಗ್ಗೆ ಈ ಮಗುವಿನ ಗಲ್ಲದಿಂದ ಇಳಿಯುತ್ತಿದ್ದ ಗಂಜಿಯನ್ನು ತಾನೇ ಒರೆಸಿ ಹೋಗಿದ್ದ. ಒಂದು ಗಳಿಗೆ, ಒಂದೇ ಗಳಿಗೆ, ಅವನು ನಂಬಿದ.

"ಏನಮ್ಮಾ, ನಿನ್ನ ಹೆಸರೇನು?" ಎಂದರು ಆಫೀಸರು.

ಪಕ್ಕದಲ್ಲಿ ಬೀಸಣಿಗೆ ಬೀಸುತ್ತಿದ್ದ ಅಜ್ಜಿ, ತೋಂಟದಾರ್ಯನ ತಾಯಿ ಗುರುಶಾಂತಮ್ಮ ಹೇಳಿದಳು: "ನಾಚ್ಕೆ ಸ್ವಾಮಿ ಅವ್ಳಿಗೆ. ಹೊಸಬ್ರನ್ನ ಕಂಡ್ರೆ ಬಾಯೇ ಬಿಡಲ್ಲ."

"ಗಟ್ಟಿ ಮಗು," ಎಂದ ಏಕಾಂತಯ್ಯ. "ಇವ್ಳಿಗೆ ನೀವು ಹಾಕಿದ್ದು ದಂಡ ಆಗಲ್ಲ."

ಕುರ್ಚಿ ತರಲು ತೋಂಟದಾರ್ಯ ಕಂಬದ ಹಿಂದೆ ಹೋದ. ಅಲ್ಲಿ ಕಂಡಿತು. ಕುಪ್ಪಸದ ಒಳಗಿಂದ ಬಂದ ಹಳೆಯ ಸೀರೆಯ ಪಟ್ಟಿ ಕಂಬವನ್ನು ಬಳಸಿತ್ತು. ಅದರ ಮೇಲೆ, ಚೌಲಿ ಸೇರಿಸಿ ಉದ್ದ ಮಾಡಿದ ಜಡೆಯನ್ನು ಕಂಬಕ್ಕೆ ಬಿಗಿಯಾಗಿ ಸುತ್ತಿ ಗಂಟು ಹಾಕಿದ್ದರು. ತಲೆ ನಿಂತದ್ದು ಕೂದಲಿನ ಮೇಲೆ. ಹಣೆಯ ಚರ್ಮ ಹಿಂದಕ್ಕೆ ಜಗ್ಗಿದ್ದಕ್ಕೇ ಕಣ್ಣು ಅಷ್ಟು ಅಗಲವಾಗಿತ್ತು.

ಕುರ್ಚಿ ಅವನ ಕೈಯಲ್ಲೇ ಉಳಿಯಿತು. ಆಫೀಸರು ಪೆನ್ನಿನ ಮುಚ್ಚಳ ತೆಗೆದರು. ಈಗ ಹೇಳಬೇಕು ಎಂದು ಅವನು ಬಾಯಿ ತೆರೆದ. ಅದೇ ಹೊತ್ತಿಗೆ, ಹಿತ್ತಲ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದ ಹೆಂಡತಿ ಸರ್ವಮಂಗಳ ಚೊಂಬು ಹಿಡಿದು ಒಳಗೆ ಬಂದಳು. ಅವಳಿಗೂ ಯಾರೂ ಏನೂ ಹೇಳಿರಲಿಲ್ಲ. ಮಗಳನ್ನು ಕಂಡು ನಿಂತಳು. ಚೊಂಬು ಓರೆಯಾಗಿ ಹಾಲು ಪಾದದ ಮೇಲೆ ಹರಿಯಿತು; ಅವಳಿಗೆ ತಿಳಿಯಲಿಲ್ಲ.

"ಅವ್ವಾ," ಎಂದಳು ಮೆಲ್ಲಗೆ, "ಕೂತಿದ್ದೀಯೇನೇ?"

ತೋಂಟದಾರ್ಯ ಬಾಯಿ ಮುಚ್ಚಿದ.

"ಡಾಕ್ಟರು ಹೇಳಿದ್ದು ಬೇರೆಯಿತ್ತು. ಆಮೇಲೆ ಸುಧಾರಿಸಿದಾಳೆ, ತುಂಬ ಸಂತೋಷ," ಎಂದು ಆಫೀಸರು ಬರೆದುಕೊಂಡರು. "ಇಷ್ಟು ನೆಟ್ಟಗೆ ಕೂರೋ ಮಗೂಗೆ ಆ ಪಟ್ಟಿ ಸೀಟೆಲ್ಲ ಯಾಕ್ರೀ? ಬೇಕಾಗೋದಿಲ್ಲ."

ಏಕಾಂತಯ್ಯನ ಮುಖದಲ್ಲಿ ನಗು ಹಾಗೇ ಇತ್ತು, ಅದರ ಹಿಂದೆ ಏನೂ ಇರಲಿಲ್ಲ. "ಏನಂದ್ರಿ?" ಎಂದ. ಆಫೀಸರು ಮಗುವಿನ ಕೆನ್ನೆ ತಟ್ಟಿ, ಬಸ್ಸಿಗೆ ಹೊತ್ತಾಯಿತೆಂದು ಹೊರಟೇಬಿಟ್ಟರು.

ಗುರುಶಾಂತಮ್ಮ ಗಂಟು ಬಿಚ್ಚಿದಳು. ತಲೆ ಎದೆಗೆ ಬಿತ್ತು. ಸರ್ವಮಂಗಳ ಜಡೆಯ ತುದಿ ಹಿಡಿದು ನೋಡಿದಳು, ಕಂಬ ನೋಡಿದಳು, ಆಮೇಲೆ ಅತ್ತೆಯನ್ನು.

"ನೋವಾಗ್ದಂಗೆ ಕಟ್ಟಿದ್ದೆ ಕಣವ್ವ. ಅಳ್ಲಿಲ್ಲ ಅವ್ಳು."

"ನಾನೇ ಹೇಳ್ದೆ," ಎಂದ ಏಕಾಂತಯ್ಯ. ದನಿ ಒಣಗಿತ್ತು. "ಚೀಲದ ಬಾಯಿಗೆ ಒಳ್ಳೇ ಕೊಬ್ಬರಿ ಇಟ್ಟೇ ಅಲ್ವಾ ನಾವು ಮಾಲು ತೋರ್ಸೋದು? ಕೌಟು ಹಿಡಿದಿದ್ದು ಮೇಲಿದ್ರೆ ಯಾವನು ದುಡ್ಡು ಹಾಕ್ತಾನೆ? ಬದುಕೋ ಮಗು ಅಂತ ಕಂಡ್ರೆ ತಾನೇ ಕಂಪನಿಯೋರು ಕೊಡೋದು ಅಂದ್ಕೊಂಡೆ. ಬಿದ್ದೋಗಿರೋ ಮಗೂಗೆ ಕೊಡ್ತಾರೆ ಅಂತ ನಂಗೇನು ಗೊತ್ತು? ಹೋಗಯ್ಯಾ, ಬಸ್ಸು ಇನ್ನೂ ಹೊರಟಿರಲ್ಲ, ಇದ್ದಿದ್ದು ಇದ್ದಂಗೆ ಹೇಳು."

ತೋಂಟದಾರ್ಯ ಓಡಿದ. ಬಸ್ಸಿನ ಕಿಟಕಿಯ ಕೆಳಗೆ ನಿಂತು, ಜೀವನದಲ್ಲಿ ಆಡದಷ್ಟು ಮಾತನ್ನು ಒಂದೇ ಉಸಿರಿಗೆ ಆಡಿದ. ಆಫೀಸರು ಕೇಳಿಸಿಕೊಂಡರು. ಅವರ ಮುಖ ಬಿಳಿಚಿಕೊಂಡಿತು.

"ಜಡೆ ಕಟ್ಟಿ?" ಎಂದರು. "ನೋಡಿ ಯಜಮಾನ್ರೇ, ಒಂದು ಸಲ ಕೂರಿಸಿ ತೋರಿಸಿದೋರು ಇನ್ನೊಂದು ಸಲ ಬೀಳಿಸಿ ತೋರಿಸೋದಿಲ್ಲ ಅಂತ ನಾನು ಹೇಗೆ ನಂಬಲಿ? ನನ್ನ ಮೇಲಿನೋರಾದರೂ ಹೇಗೆ ನಂಬ್ತಾರೆ?"

ಬಸ್ಸು ಹೊರಟಿತು.

ಮನೆಯಲ್ಲಿ ಸರ್ವಮಂಗಳ ಮಗುವನ್ನು ಮಲಗಿಸಿಕೊಂಡು, ಹಣೆಯಂಚಿನಲ್ಲಿ ಕೆಂಪಾದ ಕಡೆಗೆ ಕೊಬ್ಬರಿಎಣ್ಣೆ ಹಚ್ಚುತ್ತಿದ್ದಳು. ಅವನು ಏನಾಯಿತೆಂದು ಹೇಳಬೇಕಾಗಲಿಲ್ಲ.

"ರೀ," ಎಂದಳು ತಲೆಯೆತ್ತದೆ. "ಹೆತ್ತೋಳು ನಾನು, ನಂಗೇ ತಿಳೀಲಿಲ್ಲ. ನಿಮಗೂ ಕಾಣ್ಲಿಲ್ವಾ?"

ಅವನು ಹೊಸ್ತಿಲ ಬಳಿ ಕೂತ.

"ಹೆಂಗೆ ಕಂಡೀತು," ಎಂದು ಅವಳೇ ಹೇಳಿಕೊಂಡಳು, "ಹೂವು ಮುಚ್ಚಿತ್ತಲ್ಲ."

ಆಫೀಸರು ಬರೆಯುವುದಕ್ಕೆ ಮೊದಲೇ ಕಂಬದ ಹಿಂದಿನ ಗಂಟನ್ನು ತಾನು ನೋಡಿದ್ದೆನೆಂದು ತೋಂಟದಾರ್ಯ ಆಗಲೂ ಹೇಳಲಿಲ್ಲ, ಆಮೇಲೆ ಎಂದೂ ಹೇಳಲಿಲ್ಲ.