ಕಲ್ಲು ಎತ್ತಿದ ದಿನ

ಪರೀಕ್ಷೆಯ ಪಾಠಕ್ಕೆ ಎತ್ತಿದ ಚೀಟಿ ಬಿಡಿಸಿ ವಸೀಲಾ ಎರಡು ಸಲ ಓದಿದಳು. ‘ಗ್ರಹಗಳ ಚಲನಶಕ್ತಿ: ಸೂರ್ಯನ ಸುತ್ತ, ತಮ್ಮ ಸುತ್ತ.’ ತಯಾರಿಗೆ ಇಪ್ಪತ್ತು ನಿಮಿಷ, ಪಾಠಕ್ಕೆ ನಲವತ್ತು. ಹದಿನಾರು ವರ್ಷ ಮನೆಯಲ್ಲಿ ಕಳೆದಿದ್ದವು, ಮೂರು ಮಕ್ಕಳು ಎದೆಯೆತ್ತರ ಬೆಳೆದಿದ್ದರು. ಈ ಹುಡುಗಿಯರ ಶಾಲೆಯಲ್ಲಿ ಭೌತವಿಜ್ಞಾನದ ಶಿಕ್ಷಕಿಗೆ ಖಾಲಿ ಇದ್ದದ್ದು ಒಂದೇ ಜಾಗ. ಬರುವ ವರ್ಷಕ್ಕೆ ಅರ್ಜಿ ಹಾಕುವ ವಯಸ್ಸೂ ಮೀರುತ್ತಿತ್ತು.

ಹಿಂದಿನ ಬೆಂಚಿನಲ್ಲಿ ಪರಿವೀಕ್ಷಕಿ ನಾಜಿಹಾ ಮೇಡಂ ಕೂತಿದ್ದರು. ಕನ್ನಡಕ ಮೂಗಿನ ತುದಿಗೆ ಜಾರಿತ್ತು, ತೊಡೆಯ ಮೇಲೆ ಕಾಗದ.

ಪಾಠದ ಮೊದಲ ಅರ್ಧ ಸರಾಗವಾಗಿ ಹೋಯಿತು. ಭೂಮಿಯ ದ್ರವ್ಯರಾಶಿಯನ್ನು ಬರೆದಳು, ಸೂರ್ಯನ ಸುತ್ತ ಅದು ಓಡುವ ವೇಗವನ್ನು ಬರೆದಳು. ಸೆಕೆಂಡಿಗೆ ಮೂವತ್ತು ಕಿಲೋಮೀಟರ್ ಎಂದಾಗ ಕಿಟಕಿ ಪಕ್ಕದ ಹುಡುಗಿಯೊಬ್ಬಳು, “ಒಂದೇ ಸೆಕೆಂಡಲ್ಲಿ ನಮ್ಮ ಜೆರ್ಬಾ ದ್ವೀಪಾನೇ ದಾಟಿಬಿಡ್ತು!” ಎಂದಳು. ಎಲ್ಲರೂ ನಕ್ಕರು. ವಸೀಲಾಳೂ ನಕ್ಕು, ಹಲಗೆಯ ಮೇಲಿನ ಲೆಕ್ಕದತ್ತ ಬೆರಳು ಮಾಡಿದಳು.

“ಇದು ಸೂರ್ಯನ ಸುತ್ತ ಹೋಗೋ ಶಕ್ತಿ. ತನ್ನ ಸುತ್ತ ತಿರುಗೋದು ಬೇರೆ. ಎಣ್ಣೆ ಗಾಣ ನೋಡಿದೀರಲ್ಲ?”

“ನಮ್ಮಜ್ಜನ ಗಾಣದಲ್ಲಿ ಈಗ ಪ್ರವಾಸಿಗಳಿಗೆ ಕಾಫಿ ಮಾರ್ತಾರೆ, ಮೇಡಂ.”

“ಸರಿ, ಕಲ್ಲಾದ್ರೂ ಅಲ್ಲೇ ಇದೆಯಲ್ಲ? ನಡುವೆ ಕಂಬ, ಅದಕ್ಕೆ ಅಚ್ಚು ಹಾಕಿ ಚಕ್ರದ ಹಂಗೆ ನಿಲ್ಸಿದ ಕಲ್ಲು. ಒಂಟೆ ಎಳೀತು ಅಂದ್ರೆ ಕಲ್ಲು ಕಂಬದ ಸುತ್ತ ಹೋಗುತ್ತೆ. ಹೋಗ್ತಾ ಹೋಗ್ತಾ ತನ್ನ ಸುತ್ತಾನೂ ಉರುಳುತ್ತೆ. ಎರಡಕ್ಕೂ ನಾವು ‘ದೌರಾ’ ಅಂತೀವಿ, ಒಂದೇ ಮಾತು. ಭೂಮೀನೂ ಹಂಗೇ. ಸೂರ್ಯನ ಸುತ್ತ ಹೋಗೋದ್ರಿಂದ್ಲೇ ಅದು ತನ್ನ ಸುತ್ತ ತಿರುಗೋದು.”

ಹಿಂದಿನ ಬೆಂಚಿನಲ್ಲಿ ಪೆನ್ನು ಅಲುಗಿತು.

ಆ ಮಾತು ಬಾಬಾನದು, ಅವಳ ಅಪ್ಪನದು. ನೆಲದಡಿಯ ಗಾಣದಲ್ಲಿ ದೀಪದ ಹೊಗೆಗೆ ಕಣ್ಣು ಕಿರಿದು ಮಾಡಿಕೊಂಡು, ಆಲಿವ್ ಹಿಂಡಿಯ ಘಾಟಿನ ನಡುವೆ ಅವನು ಒಂಟೆಯ ಬೆನ್ನು ತಟ್ಟುತ್ತಿದ್ದ. “ನೋಡು ಪುಟ್ಟಿ, ಭೂಮಿನೂ ಹಿಂಗೇ ಉರುಳ್ಕೊಂಡು ಹೋಗೋದು, ಗೊತ್ತಾ?” ಎನ್ನುತ್ತಿದ್ದ. ಶಾಲೆಯ ಮೆಟ್ಟಿಲು ಹತ್ತದವನು. ಅವಳು ಕಾಲೇಜಿನಲ್ಲಿ ಎಷ್ಟು ಸೂತ್ರ ಕಲಿತರೂ ಆ ಮಾತು ಅವುಗಳ ಕೆಳಗೆಲ್ಲೋ ಹಾಗೇ ಉಳಿದುಕೊಂಡಿತ್ತು. ಈಗ ತಾನಾಗಿ ಬಾಯಿಗೆ ಬಂದಿತ್ತು.

ಮೂರನೆಯ ಸಾಲಿನಿಂದ ರಬಾಬ್ ಎಂಬ ಉದ್ದ ಜಡೆಯ ಹುಡುಗಿ ಎದ್ದಳು. “ಮೇಡಂ, ಹಂಗಾದ್ರೆ ಭೂಮೀನ ಯಾವ ಒಂಟೆ ಎಳೀತಿದೆ?”

ಕ್ಲಾಸು ಗೊಳ್ಳೆಂದಿತು. “ನಿಮ್ಮಣ್ಣ!” ಎಂದು ಯಾರೋ ಕೂಗಿದರು.

ರಬಾಬ್ ಮಾತ್ರ ನಗಲಿಲ್ಲ. “ಅಲ್ಲ ಮೇಡಂ, ನಿಜವಾಗ್ಲೂ ಕೇಳ್ತಿದೀನಿ. ಒಂಟೆ ನಿಂತ್ರೆ ಕಲ್ಲು ಉರುಳೋದೂ ನಿಲ್ಲುತ್ತೆ. ಭೂಮಿ ಸೂರ್ಯನ ಸುತ್ತ ಹೋಗೋದು ನಿಲ್ಸಿದ್ರೆ ಹಗಲು ರಾತ್ರೀನೂ ನಿಂತ್ಹೋಗುತ್ತಾ?”

ಪರಿವೀಕ್ಷಕಿ ತಲೆಯೆತ್ತಿ ಕನ್ನಡಕದ ಮೇಲಿನಿಂದ ನೋಡುತ್ತಿದ್ದರು. ಒಳ್ಳೆಯ ಪ್ರಶ್ನೆ, ಮುಂದೆ ನೋಡೋಣ ಎಂದು ಜಾರಿಕೊಳ್ಳಬಹುದಿತ್ತು. ಮನೆಯಲ್ಲಿ ಮಕ್ಕಳ ಜೊತೆ ಎಷ್ಟೋ ಸಲ ಹಾಗೆ ಜಾರಿಕೊಂಡಿದ್ದಳು.

“ಇಲ್ಲ,” ಎಂದಳು. “ನಿಲ್ಲಲ್ಲ. ನಾನು ಹೇಳಿದ್ದು ತಪ್ಪು.”

ಆಗ ಅವಳಿಗೆ ಗಾಣದ ಕಲ್ಲು ಎತ್ತಿದ ದಿನ ನೆನಪಾಯಿತು.

ಸುಗ್ಗಿ ಮುಗಿದ ಮೇಲೆ ವರ್ಷಕ್ಕೊಂದು ದಿನ ಗಾಣ ತೊಳೆಯುತ್ತಿದ್ದರು. ಬಾಬಾ ಮತ್ತು ಚಿಕ್ಕಪ್ಪ ಹಾರೆ ಹಾಕಿ ಕಲ್ಲನ್ನು ನಾಲ್ಕು ಬೆರಳಿನಷ್ಟು ಮೇಲಕ್ಕೆತ್ತಿ, ಅಚ್ಚಿನ ಕೆಳಗೆ ಮರದ ತುಂಡು ಕೊಡುತ್ತಿದ್ದರು. ಒಂಟೆ ಹೊರಗೆ ಅಂಗಳದಲ್ಲಿ ಮೆಲುಕು ಹಾಕುತ್ತಿರುತ್ತಿತ್ತು. ಅವಳಿಗೆ ಒಂಬತ್ತು ವರ್ಷವಿದ್ದಾಗ ಒಮ್ಮೆ ಬಾಬಾ ಕರೆದ. “ಬಾ, ಎರಡೂ ಕೈ ಇಟ್ಟು ನೂಕು.” ನೂಕಿದಳು. ಏನೂ ಆಗಲಿಲ್ಲ. ಇನ್ನೂ ನೂಕಿದಳು. ಕಲ್ಲು ನಿಧಾನವಾಗಿ, ನಿದ್ದೆಯಿಂದ ಎದ್ದಂತೆ, ತಿರುಗತೊಡಗಿತು. ಎಲ್ಲಿಗೂ ಹೋಗದೆ, ನಿಂತಲ್ಲೇ. ಅವಳು ಕೈ ತೆಗೆದ ಮೇಲೂ ತಿರುಗುತ್ತಲೇ ಇತ್ತು. ಹಿಡಿದು ನಿಲ್ಲಿಸಲು ಹೋದಳು. ಅದು ಅವಳ ಅಂಗೈ ತರಚಿ, ಅವಳನ್ನೇ ಎರಡು ಹೆಜ್ಜೆ ಎಳೆಯಿತು. ಬಾಬಾ ನಗುತ್ತ ಎತ್ತಿಕೊಂಡು, ತರಚಿದ ಕೈಗೆ ಹೊಸ ಎಣ್ಣೆ ಹಚ್ಚಿದ್ದ.

ಹುಡುಗಿಯರಿಗೆ ಅದನ್ನೇ ಹೇಳಿದಳು, ಹಾಗೆಯೇ, ಎಣ್ಣೆ ಹಚ್ಚಿದ್ದರ ತನಕ.

“ಕೆಳಗೆ ನೆಲ ತಾಗ್ತಿದ್ದಾಗ ಕಂಬದ ಸುತ್ತ ಹೋಗೋದು, ತನ್ನ ಸುತ್ತ ಉರುಳೋದು, ಎರಡೂ ಒಂದಕ್ಕೊಂದು ಕಟ್ಟಿಕೊಂಡಿದ್ವು. ಎತ್ತಿದ್ಮೇಲೆ ಬೇರೆ ಬೇರೆ. ಭೂಮಿಗೆ ಕೆಳಗೆ ನೆಲ ಇಲ್ಲ. ಅದರ ತಿರುಗೋ ಶಕ್ತಿ ಅದರದ್ದೇ, ಓಡೋ ಶಕ್ತಿ ಬೇರೆ. ಎರಡನ್ನೂ ಬೇರೆ ಬೇರೆ ಲೆಕ್ಕ ಹಾಕಿ ಕೂಡಿಸ್ಬೇಕು.”

ಲೆಕ್ಕ ಹಾಕಿದರು. ಓಡುವ ಶಕ್ತಿ ತಿರುಗುವ ಶಕ್ತಿಗಿಂತ ಹತ್ತು ಸಾವಿರ ಪಟ್ಟಿಗಿಂತಲೂ ಹೆಚ್ಚು ಬಂತು.

“ಪಾಪ, ತಿರುಗೋದು ಲೆಕ್ಕಕ್ಕೇ ಇಲ್ಲ,” ಎಂದಳು ಕಿಟಕಿ ಪಕ್ಕದವಳು.

“ಬೆಳಗಾಗೋದು ಅದರಿಂದ್ಲೇ ಕಣೇ,” ಎಂದಳು ರಬಾಬ್.

ಗಂಟೆ ಬಡಿಯಿತು. ಹುಡುಗಿಯರು ಚೀಲ ಎತ್ತಿಕೊಳ್ಳುವಾಗ ನಾಜಿಹಾ ಮೇಡಂ ಮುಂದೆ ಬಂದರು.

“ಆ ಮೊದಲ್ನೇ ಮಾತು ಯಾರು ಕಲ್ಸಿದ್ದು ನಿಮಗೆ?”

“ನಮ್ಮ ತಂದೆ.”

“ಎರಡನೇದು?”

ವಸೀಲಾ ತನ್ನ ಅಂಗೈ ನೋಡಿಕೊಂಡಳು. “ಅವರೇ. ಆದರೆ ಅದನ್ನ ಬಾಯಲ್ಲಿ ಹೇಳ್ಲಿಲ್ಲ.”

ನಾಜಿಹಾ ಮೇಡಂ ಕಾಗದದಲ್ಲಿ ಒಂದು ಸಾಲು ಹೊಡೆದು ಹಾಕಿ, ಅದರ ಮೇಲೆ ಏನೋ ಬರೆದರು. ಬಾಗಿಲ ಬಳಿ ರಬಾಬ್ ಇನ್ನೂ ನಿಂತಿದ್ದಳು. “ಮೇಡಂ, ಗುರುಗ್ರಹದ ಲೆಕ್ಕ ಯಾವತ್ತು ಮಾಡೋದು?”

ವಸೀಲಾ ನಾಜಿಹಾ ಮೇಡಂ ಕಡೆ ನೋಡಿದಳು. ಪರಿವೀಕ್ಷಕಿ ಪೆನ್ನಿನ ಮುಚ್ಚಳ ಹುಡುಕುತ್ತಲೇ ಅಂದರು, “ಗುರುವಾರ. ಮೊದಲ್ನೇ ಪಿರಿಯಡ್ಡು. ತಡ ಮಾಡ್ಬೇಡಿ, ಇಬ್ರೂ.”

ಗೇಟಿನ ಹೊರಗೆ ಬಂದು ವಸೀಲಾ ಮನೆಗೆ ಫೋನು ಮಾಡಿದಳು. ದೊಡ್ಡ ಮಗಳು ನೂಹಾ ಎತ್ತಿದಳು.

“ಉಮ್ಮಿ, ಎಲ್ಲಿದೀಯಾ? ತಮ್ಮಂಗೆ ಹಸಿವಂತೆ, ತಲೆ ತಿಂತಿದಾನೆ. ಮೀನು ಯಾವಾಗ ಹಾಕ್ಬೇಕು?”

“ತರಕಾರಿ ಅರ್ಧ ಬೆಂದ್ಮೇಲೆ. ಜಾಸ್ತಿ ಕಲಕ್ಬೇಡ, ಒಡೆದುಹೋಗುತ್ತೆ. ನೂಹಾ...”

“ಏನು?”

“ಗುರುವಾರ ಬೆಳಿಗ್ಗೆ ನಾನು ಮನೇಲಿರಲ್ಲ.”

“ಹಂಗಾದ್ರೆ ಕೆಲಸ ಸಿಕ್ತು ಅನ್ನು,” ಎಂದಳು ನೂಹಾ. ಆಮೇಲೆ ಪಾತ್ರೆಯ ಮುಚ್ಚಳ ತೆಗೆದ ಸದ್ದು ಕೇಳಿಸಿತು.