ಏನೂ ಅಂಟದ ಬಾಗಿಲು

ರೂಸೆ ಊರಿನ ಆ ಎಂಟು ಮಹಡಿ ಕಟ್ಟಡದ ಬಾಗಿಲು ಮೊದಲು ಹೇಗಿತ್ತು ಅಂತ ಮಾತ್ರ ಕೇಳಬೇಡಿ. ತುಕ್ಕು ಹಿಡಿದ ಕಬ್ಬಿಣದ ಬಾಗಿಲು. ಅದರ ಮೈತುಂಬ ನಲ್ಲಿ ರಿಪೇರಿಯವರ ಚೀಟಿ, ಪಿಜ್ಜಾದವರ ಚೀಟಿ, ಕಳೆದುಹೋದ ಬೆಕ್ಕಿನ ಚೀಟಿ. ಒಂದರ ಮೇಲೊಂದು ಅಂಟಿ, ಬಾಗಿಲೆಲ್ಲಿ ಮುಗಿದು ಕಾಗದವೆಲ್ಲಿ ಶುರುವಾಯಿತು ಎಂದೇ ತಿಳಿಯುತ್ತಿರಲಿಲ್ಲ. ದೀಪವೊಂದಿತ್ತು, ಪುಣ್ಯಾತ್ಮ ಒಂದು ದಿನ ಉರಿದವನಲ್ಲ. ಮೆಟ್ಟಿಲ ಮೇಲೆ ಎಡವಿ ಬೀಳದ ಮುದುಕರು ಆ ಕಟ್ಟಡದಲ್ಲಿ ಇರಲಿಲ್ಲ.

ಅಲ್ಲೇ ಹುಟ್ಟಿ ಬೆಳೆದ ಲ್ಯುಬೆನ್ ಆರ್ಕಿಟೆಕ್ಟ್ ಆದ. ನಗರಸಭೆಯವರು ಹಳೆಯ ಕಟ್ಟಡಗಳ ಮುಂಬಾಗಿಲನ್ನು ಹೊಸದು ಮಾಡಲು ಹೊರಟಾಗ ಮೊದಲನೆಯ ಕೆಲಸ ಅವನ ಪಾಲಿಗೆ ಬಂತು, ಅದೂ ತನ್ನ ಅಮ್ಮ ಝಿವ್ಕಾ ಇನ್ನೂ ವಾಸವಿದ್ದ ಕಟ್ಟಡದ್ದೇ. ಹೆಂಡತಿ ಮಕ್ಕಳನ್ನೂ ಮರೆತು ಮಾಡಿದ ಅನ್ನಿ. ಮೆಟ್ಟಿಲ ಪಕ್ಕ ಇಳಿಜಾರು ಹಾದಿ, ಕೂರಲು ಮರದ ಬೆಂಚು, ಕತ್ತಲಾಗುತ್ತಲೇ ತಾನಾಗಿ ಹತ್ತಿಕೊಳ್ಳುವ ಬೆಚ್ಚನೆಯ ದೀಪ, ಒಳಗಿನಿಂದ ಯಾರು ಬಂದರೆಂದು ಕಾಣುವಂಥ ಗಾಜಿನ ಬಾಗಿಲು. ಬಾಗಿಲಿನ ಎರಡೂ ಬದಿಗೆ ತಿಳಿಬೂದು ಬಣ್ಣದ ನುಣುಪಾದ ಹಲಗೆಗಳು. ಅವನ್ನಂತೂ ಮುಟ್ಟಿ ಮುಟ್ಟಿ ನೋಡಬೇಕು ಅನ್ನಿಸುತ್ತಿತ್ತು. ಈ ಬಾಗಿಲಿಗೂ ಹಲಗೆಗಳಿಗೂ ಅವನು ಒಂದು ಲೇಪ ಹಾಕಿಸಿದ್ದ. ಯಾರಾದರೂ ಬಣ್ಣ ಗೀಚಿದರೂ ಬಟ್ಟೆಯಲ್ಲಿ ಒರೆಸಿದರೆ ಹೋಗಬೇಕು, ಚೀಟಿ ಅಂಟಿಸಿದರೆ ತಾನಾಗಿಯೇ ಬಿದ್ದುಹೋಗಬೇಕು.

ಬಿದ್ದೂ ಹೋಗುತ್ತಿದ್ದವು. ಪಿಜ್ಜಾದವರು ಬಂದು ಅಂಟಿಸಿ ಬೈದುಕೊಂಡು ಹೋದರು. ಕಟ್ಟಡದ ಉಸ್ತುವಾರಿ ನೋಡಿಕೊಳ್ಳುವ ಸ್ಪಾಸ್, ಸೈನ್ಯದಿಂದ ನಿವೃತ್ತನಾದವನು, ದಿನಾ ಸಂಜೆ ಬೆಂಚಿನ ಮೇಲೆ ಕೂತು ನಕ್ಷೆ ಬರೆದವನು ತಾನೇ ಎಂಬಂತೆ ಬಂದವರಿಗೆಲ್ಲ ವಿವರಿಸುತ್ತಿದ್ದ.

ಶುಕ್ರವಾರ ರಾಜಧಾನಿ ಸೋಫಿಯಾದ ಒಂದು ಪತ್ರಿಕೆಯಿಂದ ಫೋಟೋದವರು ಬರುವವರಿದ್ದರು. ಪತ್ರಿಕೆಯಲ್ಲಿ ಬಂದುಬಿಟ್ಟರೆ ಉಳಿದ ಕಟ್ಟಡಗಳೂ ನಿಮಗೇ ಎಂದು ನಗರಸಭೆಯವರು ಹೇಳಿದ್ದರು. ಗುರುವಾರ ಸಂಜೆ ಲ್ಯುಬೆನ್ ಒಂದು ಒರೆಸುವ ಬಟ್ಟೆ ಹಿಡಿದು ಬಂದ. ಬಾಗಿಲ ಬುಡದಲ್ಲಿ ಒಂದು ಕಾಗದ ಮಕಾಡೆ ಬಿದ್ದಿತ್ತು, ಬೆನ್ನ ಮೇಲೆ ಯಾರದೋ ಬೂಟಿನ ಅಚ್ಚು.

‘ಥೂ, ಈ ಪಿಜ್ಜಾದವರಿಗೆ ಇನ್ನೂ ಬುದ್ಧಿ ಬಂದಿಲ್ಲ’ ಎಂದು ಮುದುರಲು ಎತ್ತಿಕೊಂಡ. ತಿರುಗಿಸಿದರೆ ಕಪ್ಪು ಅಂಚಿನ ನಡುವೆ ಅಪ್ಪನ ಮುಖ. ಟ್ರಾಲಿಬಸ್ ಡ್ರೈವರ್ ಮಿಂಚೊ, ಕಣ್ಣು ಕಿರಿದು ಮಾಡಿಕೊಂಡು ನಗುತ್ತಿದ್ದ. ಕೆಳಗೆ, ನಮ್ಮನ್ನಗಲಿ ಒಂದು ವರ್ಷ, ಶನಿವಾರ ಬೆಳಿಗ್ಗೆ ಸಮಾಧಿಯ ಬಳಿ ಪ್ರಾರ್ಥನೆ, ಎಲ್ಲರೂ ಬನ್ನಿ.

ಆ ಊರಿನ ಪದ್ಧತಿಯಲ್ಲಿ ಸತ್ತವರ ಕಾಗದ ಅವರಿದ್ದ ಕಟ್ಟಡದ ಬಾಗಿಲಿಗೇ ಅಂಟಬೇಕು; ನಲವತ್ತನೇ ದಿನಕ್ಕೆ, ವರ್ಷಕ್ಕೆ ಹೊಸದು ಅಂಟಬೇಕು. ಅದೇ ಕರೆಯೋಲೆ. ಬೇರೆಯಾಗಿ ಯಾರೂ ಯಾರನ್ನೂ ಕರೆಯುವುದಿಲ್ಲ. ಹಳೆಯ ಬಾಗಿಲನ್ನು ಕಿತ್ತ ದಿನ ಅಪ್ಪನ ಹಳೆಯ ಕಾಗದವನ್ನು ಜೋಪಾನವಾಗಿ ಬಿಡಿಸಿ ಮನೆಗೆ ಒಯ್ದವನೂ ಲ್ಯುಬೆನನೇ. ಮುಂದಿನದು ಎಲ್ಲಿ ಅಂಟೀತು ಎಂಬುದು ಮಾತ್ರ ಆ ಮಹಾಬುದ್ಧಿವಂತನ ತಲೆಗೆ ಹೊಳೆದಿರಲಿಲ್ಲ.

ಕಾಗದವನ್ನು ಅಂಗಿಯೊಳಗಿಟ್ಟುಕೊಂಡು ಮೇಲೆ ಹೋದ. ಝಿವ್ಕಾ ಒಲೆಯ ಮುಂದೆ ಮೈದಾ ಅಂಟು ಕಾಯಿಸುತ್ತಿದ್ದಳು. ಪಕ್ಕದ ಪಾತ್ರೆಯಲ್ಲಿ ಶನಿವಾರದ ಪ್ರಸಾದಕ್ಕೆಂದು ಗೋಧಿ ನೆನೆದಿತ್ತು.

“ಬಂದ್ಯಾ? ಕೂತ್ಕೋ. ಈ ಅಂಗಡಿಯವನು ಹಿಟ್ಟಿಗೆ ಏನು ಬೆರೆಸ್ತಾನೋ ದೇವರಿಗೇ ಗೊತ್ತು. ಸೋಮವಾರದಿಂದ ಅಂಟಿಸ್ತಾನೇ ಇದೀನಿ, ನಿಲ್ಲೋದೇ ಇಲ್ಲ. ನಿಮ್ಮಪ್ಪ ಬದುಕಿದ್ದಾಗಲೂ ಒಂದು ಕಡೆ ನಿಂತೋರಲ್ಲ, ಈಗಲೂ ಅದೇ ಹಟ.”

ಲ್ಯುಬೆನ್ ಕೂತ. ಅಮ್ಮ ಇನ್ನೊಂದು ಚಮಚ ಹಿಟ್ಟು ಸುರಿದು ತಿರುವಿದಳು. ಆ ಬಡ ಹಿಟ್ಟಿನ ಮೇಲೆ ಅಪವಾದ ಹೊರಿಸಿ ಆರಾಮಾಗಿ ಮನೆಗೆ ಹೋಗಬಹುದಿತ್ತು. ಆದರೆ ಅವನ ಕೈಲಿ ಆಗಲಿಲ್ಲ.

“ಅಮ್ಮ, ಹಿಟ್ಟಿಂದೇನೂ ತಪ್ಪಿಲ್ಲ. ಅಲ್ಲಿ ಏನೂ ಅಂಟಲ್ಲ. ನಾನೇ ಹಾಗೆ ಮಾಡಿಸಿದ್ದು.”

ಝಿವ್ಕಾ ಒಲೆ ಆರಿಸಿದಳು. “ಏನೂ ಅಂದ್ರೆ? ಯಾರದೂ ಅಂಟಲ್ವಾ?”

“ಯಾರದೂ ಅಂಟಲ್ಲ.”

“ಹಂಗಾದ್ರೆ ಈ ಮನೆಗಳಲ್ಲಿ ಇನ್ಮುಂದೆ ಯಾರೂ ಸಾಯಬಾರದೂಂತ ತೀರ್ಮಾನ ಮಾಡಿದೀಯ. ಒಳ್ಳೇದೇ ಆಯ್ತು. ಸ್ಪಾಸಣ್ಣಂಗೂ ಹೇಳಿಬಿಡು, ಖುಷಿಪಡ್ತಾರೆ.”

“ಅಮ್ಮಾ, ಒಳಗಡೆ ಮೆಟ್ಟಿಲ ಹತ್ರ ಒಂದು ಗಾಜಿನ ಪೆಟ್ಟಿಗೆ ಮಾಡಿಸ್ತೀನಿ, ದೀಪ ಹಾಕಿಸ್ತೀನಿ, ಚೆನ್ನಾಗಿ ಕಾಣುತ್ತೆ. ಈ ಸಲಕ್ಕೆ ನಾನೇ ಎಲ್ಲರಿಗೂ ಫೋನ್ ಮಾಡ್ತೀನಿ.”

“ಎಲ್ಲರಿಗೂ ಅಂದ್ರೆ?” ಅವಳ ದನಿ ಏರಲಿಲ್ಲ. “ನಲವತ್ತನೇ ದಿನ ಸಮಾಧಿ ಹತ್ರ ಒಬ್ಬಳು ಹೆಂಗಸು ಬಂದಿದ್ಲು, ನೀಲಿ ಕೋಟು. ನಾನ್ಯಾರೋ ಅವಳ್ಯಾರೋ. ದಿನಾ ಬೆಳಿಗ್ಗೆ ಅವಳು ಓಡಿ ಬರ್ತಿದ್ಲಂತೆ, ನಿಮ್ಮಪ್ಪ ಬಸ್ಸು ನಿಲ್ಲಿಸ್ಕೊಂಡು ಕಾಯ್ತಿದ್ರಂತೆ. ಬಾಗಿಲಲ್ಲಿ ಮುಖ ನೋಡಿ ಬಂದೆ ಅಂದ್ಲು. ಗೋಧಿ ಪ್ರಸಾದ ತಗೊಂಡ್ಲು, ಅತ್ತಳು, ಹೋದಳು. ಅವಳ ಫೋನ್ ನಂಬರ್ ನಿನ್ನ ಹತ್ರ ಇದ್ಯಾ? ನಿನ್ನ ಗಾಜಿನ ಪೆಟ್ಟಿಗೆ ನೋಡಕ್ಕೆ ಬೀಗದ ಬಾಗಿಲು ದಾಟಿ ಒಳಗೆ ಬರ್ತಾಳಾ ಅವಳು?”

ಲ್ಯುಬೆನ್ ಅಂಗಿಯೊಳಗಿಂದ ಬೂಟಿನ ಅಚ್ಚಿನ ಕಾಗದವನ್ನು ತೆಗೆದು ಮೇಜಿನ ಮೇಲಿಟ್ಟ. ಅಮ್ಮ ಅದನ್ನು ನೋಡಿದಳು, ಅಂಗೈಯಲ್ಲಿ ಅಪ್ಪನ ಮುಖವನ್ನು ಒಮ್ಮೆ ನೀವಿದಳು. ಅವನಿಗೆ ಅಳು ಬಂತು. ಎದ್ದು ಕೆಳಗಿಳಿದು ಕಾರಿನ ಡಿಕ್ಕಿಯಿಂದ ಮರ ಉಜ್ಜುವ ಉಪ್ಪುಕಾಗದ ತಂದ.

ಬಲಬದಿಯ ಹಲಗೆಯ ಎದುರು ನಿಂತು ಒಂದು ಕ್ಷಣ ಹಿಂದೆ ಮುಂದೆ ನೋಡಿದ. ಆಮೇಲೆ ಉಜ್ಜತೊಡಗಿದ. ಬೆಂಚಿನ ಮೇಲಿದ್ದ ಸ್ಪಾಸ್ ಹಾವು ತುಳಿದವನಂತೆ ಎದ್ದ.

“ಏಯ್, ಏನಯ್ಯಾ ಮಾಡ್ತಿದೀಯ? ನಾಳೆ ಫೋಟೋದವರು ಬರ್ತಾರೆ! ಬೇರೆ ಯಾರಾದ್ರೂ ಹಿಂಗೆ ಕೆರೆದಿದ್ರೆ ಪೊಲೀಸ್ನೋರನ್ನ ಕರೀತಿದ್ದೆ ನಾನು!”

“ಕರೀರಿ ಸ್ಪಾಸಣ್ಣ. ಕೆರೆದೋನು ಆರ್ಕಿಟೆಕ್ಟೇ ಅಂತ ಹೇಳಿ.”

“ಹೊಳಪೆಲ್ಲ ಹೋಯ್ತಲ್ಲಪ್ಪಾ! ತಲೆಗಿಲೆ ಕೆಟ್ಟಿದ್ಯಾ?”

ಅಷ್ಟರಲ್ಲಿ ಝಿವ್ಕಾ ಅಂಟಿನ ಪಾತ್ರೆ, ಬ್ರಷ್ಷು, ಹೊಸ ಕಾಗದ ಹಿಡಿದು ಇಳಿದು ಬಂದಳು. ಸ್ಪಾಸ್ ಕಾಗದದ ಮೇಲಿನ ಮುಖ ನೋಡಿದ, ಟೋಪಿ ತೆಗೆದ. ಹತ್ತಿರ ಬಂದು, “ಮೂಲೆ ಸರಿಯಾಗಿ ಉಜ್ಜು, ಮೊದಲು ಮೂಲೆನೇ ಏಳೋದು” ಅಂದ.

ಲ್ಯುಬೆನ್ ಧೂಳು ಒರೆಸಿ ಪಕ್ಕಕ್ಕೆ ಸರಿದ. ಝಿವ್ಕಾ ಉಜ್ಜಿದ ಜಾಗವನ್ನು ತಲೆಯೆತ್ತಿ ನೋಡಿದಳು.

“ಇಷ್ಟೆತ್ತರ ಯಾಕೋ? ನಿಮ್ಮಪ್ಪ ಇಷ್ಟೆತ್ತರ ಯಾವಾಗಿದ್ರು? ಬಸ್ಸಿನ ಸೀಟಿಗೆ ದಿಂಬು ಹಾಕ್ಕೊಂಡು ಕೂರ್ತಿದ್ರು. ಕೆಳಗೆ ಮಾಡು. ನಾನು ಅವರ ಮುಖ ಕತ್ತೆತ್ತಿ ನೋಡಿದೋಳೇ ಅಲ್ಲ.”

ಸ್ಪಾಸ್ ಗೊಳ್ಳೆಂದು ನಕ್ಕು ಬಾಯಿ ಮುಚ್ಚಿಕೊಂಡ. ಲ್ಯುಬೆನ್ ಮತ್ತೆ ಉಜ್ಜಿದ, ಅಮ್ಮನ ಕಣ್ಣಿನ ಮಟ್ಟಕ್ಕೆ. ಅವಳು ಅಂಟು ಬಳಿದು ಕಾಗದ ಇಟ್ಟು ಅಂಗೈಯಿಂದ ಒತ್ತಿದಳು. ಮೂವರೂ ಕಾದರು. ಬಿಸಿ ಬ್ರೆಡ್ಡು ಹಿಡಿದು ಹೋಗುತ್ತಿದ್ದವನೊಬ್ಬ ನಿಂತು ಓದಿದ, ಅಯ್ಯೋ ಆ ಡ್ರೈವರಣ್ಣ ಅಲ್ವಾ ಎಂದ, ಶನಿವಾರ ಎಷ್ಟು ಹೊತ್ತಿಗೆ ಎಂದು ಮತ್ತೊಮ್ಮೆ ನೋಡಿಕೊಂಡು ಹೋದ. ಕಾಗದ ಬೀಳಲಿಲ್ಲ. ದೀಪ ತಾನಾಗಿ ಹತ್ತಿಕೊಂಡು ಅದರ ಬೆಳಕು ಮಿಂಚೊನ ಮುಖದ ಮೇಲೆ ಬಿತ್ತು. ಚೆನ್ನಾಗಿಯೇ ಕಾಣುತ್ತಿತ್ತು.

“ನಾಳೆ ಫೋಟೋದವರು ಬಂದ್ರೆ?” ಸ್ಪಾಸ್ ಮೆಲ್ಲಗೆ ಕೇಳಿದ.

“ಹೀಗೇ ತೆಗೀಲಿ. ಇಲ್ಲಾಂದ್ರೆ ಬಂದ ದಾರೀಲಿ ವಾಪಸ್ ಹೋಗ್ಲಿ” ಎಂದ ಲ್ಯುಬೆನ್.

ಸ್ಪಾಸ್ ಮತ್ತೆ ತನ್ನ ಬೆಂಚಿಗೆ ಹೋದ. ಲ್ಯುಬೆನ್ ಉಪ್ಪುಕಾಗದವನ್ನು ಮಡಿಸಿ ಜೇಬಿಗಿಡುತ್ತಿದ್ದಾಗ ಝಿವ್ಕಾ ಅವನ ಮೊಣಕೈ ಹಿಡಿದಳು.

“ಇರು ಲ್ಯುಬೋ. ಹೇಗೂ ಕೈಲಿದೆಯಲ್ಲ, ಪಕ್ಕದಲ್ಲಿ ನಂಗೂ ಒಂದು ಜಾಗ ಉಜ್ಜಿಬಿಡು. ಆಮೇಲೆ ಆ ಹೊತ್ತಲ್ಲಿ ನೀನೊಬ್ಬನೇ ನಿಂತ್ಕೊಂಡು ಇದನ್ನೆಲ್ಲ ಎಲ್ಲಿ ಉಜ್ಜುತ್ತೀಯ.”

ಅವನು ಅಮ್ಮನ ಮುಖ ನೋಡಿದ. ಅವಳು ಹಲಗೆಯನ್ನೇ ನೋಡುತ್ತಿದ್ದಳು, ಗೋಡೆಗೆ ಕ್ಯಾಲೆಂಡರ್ ಎಲ್ಲಿ ಹಾಕೋಣ ಎಂದು ನೋಡುವಷ್ಟೇ ಸಮಾಧಾನವಾಗಿ. ಲ್ಯುಬೆನ್ ಅಪ್ಪನ ಪಕ್ಕದಲ್ಲಿ, ಅದೇ ಎತ್ತರಕ್ಕೆ ಉಪ್ಪುಕಾಗದ ಇಟ್ಟು ಎಳೆದ. ಒತ್ತಲೇ ಇಲ್ಲ. ಧೂಳೂ ಉದುರಲಿಲ್ಲ.

ಝಿವ್ಕಾ ಬೆರಳಿಂದ ಸವರಿ ನೋಡಿದಳು.

“ಏನೋ ಇದು, ಇನ್ನೂ ನುಣ್ಣಗೇ ಇದೆ. ಇಲ್ಲಿ ಅಂಟಲ್ಲ ಕಣೋ.”

“ಅಂಟದಿದ್ರೆ ಬೇಡ ಬಿಡಮ್ಮ” ಅಂದ ಲ್ಯುಬೆನ್.