ಹಿಂದೆ ನಿಂತ ಸಾಲು

ಅಂಬಿಕಾ ಎಂಟರ್ ಕೀಲಿಯನ್ನು ಮತ್ತೆ ಒತ್ತಿದಳು. ಕರಿಯ ಪರದೆ ಮಿಸುಕಲಿಲ್ಲ. ಲಿಂಗಸುಗೂರಿನಿಂದ ಶಿವಕಾಂತ ಸಾಹೇಬರು ಬರೆದ ಸಾಲೇ ಅದರ ಕೊನೆಯಲ್ಲಿ ನಿಂತಿತ್ತು: 'ಇಲ್ಲಿ ಆಫೀಸ್ ನೋಡಿಕೊಳ್ಳಲು ಒಬ್ಬರು ಬೇಕು. ನೌಕರಿ ಖಾಯಂ. ಸಿಂಧನೂರಿನಿಂದ ಅಂಬಿಕಾ ಬರುತ್ತೀರೋ, ಮಸ್ಕಿಯಿಂದ ಸುರೇಖಾ ಬರುತ್ತೀರೋ, ಈಗಲೇ ತಿಳಿಸಿ.'

ಅಕ್ಕಿ ಗಿರಣಿಯ ಮೂರೂ ಊರಿನ ಆಫೀಸುಗಳು ಮಾತಾಡಿಕೊಳ್ಳುತ್ತಿದ್ದುದು ಈ ಕರಿ ಕಿಟಕಿಯಲ್ಲೇ. ಅಂಬಿಕಾ ಕೀಬೋರ್ಡನ್ನು ಬೋರಲು ಹಾಕಿ ತಟ್ಟಿದಳು. ತೌಡಿನ ಪುಡಿ ಮೇಜಿನ ಮೇಲೆ ಉದುರಿತು. ವೈರು ಕಿತ್ತು ಮತ್ತೆ ಚುಚ್ಚಿದಳು. ಅದೇ ಕಂಪ್ಯೂಟರಿನಲ್ಲಿ ಪಕ್ಕಕ್ಕೆ ತೆರೆದಿಟ್ಟು ಟೈಪ್ ಮಾಡುತ್ತಿದ್ದ ಪತ್ರದಲ್ಲಿ ಅಕ್ಷರ ಚೆನ್ನಾಗಿಯೇ ಮೂಡುತ್ತಿತ್ತು, ಇಲ್ಲಿ ಮಾತ್ರ ಇಲ್ಲ. ಅವಳೀಗ ಬಸುರಿ. ಆ ಸುದ್ದಿಯನ್ನು ಗಂಡನನ್ನು ಬಿಟ್ಟರೆ ಸುರೇಖಾಳಿಗೆ ಮಾತ್ರ ಹೇಳಿದ್ದಳು. ಅವ್ವನಿಗೂ ಇನ್ನೂ ಹೇಳಿರಲಿಲ್ಲ.

ಈಗಲೂ ಸುರೇಖಾಳಿಗೇ ಫೋನ್ ಮಾಡಿದಳು.

"ಸುರೇಖಾ, ನನ್ನ ಕರಿ ಕಿಟಕಿ ಕೆಟ್ಟೈತಿ ಬೇ. ಒಂದಕ್ಷರ ಮೂಡವಲ್ದು. ನೀವು ಬರೆದಿದ್ದೂ ಕಾಣವಲ್ದು."

"ನಾವು ಬರೆದಿದ್ದೂ ಕಾಣವಲ್ದಾ?"

"ಏನಂದ್ರ ಏನೂ ಇಲ್ಲ."

"ಅಯ್ಯ, ಅದಕ್ಯಾಕ ಇಷ್ಟು ಗಾಬರಿ ಆಗ್ತಿ ಅಕ್ಕಾ? ಬಸುರಾಕಿ ನೀ, ಒಂದೀಟು ಚಾ ಕುಡ್ದು ಆರಾಮ ಕೂಡು. ಸಾಹೇಬ್ರಿಗೆ ನಾ ಹೇಳ್ತೀನಿ."

ಅಂಬಿಕಾಳ ಎದೆ ಹಗುರಾಯಿತು. ಆದರೂ ಹೋದರೆ ಹೋಗಲಿ ಎಂದು, ಏನೂ ಕಾಣದ ಪರದೆಯ ಮುಂದೆ ಕೂತು ಒಂದೊಂದೇ ಅಕ್ಷರ ಒತ್ತಿ ತನ್ನ ಉತ್ತರ ಬರೆದು ಎಂಟರ್ ಒತ್ತಿದಳು. ಏನೂ ಆಗಲಿಲ್ಲ. ಕಂಪ್ಯೂಟರ್ ರಿಪೇರಿಯ ಭೀಮೇಶನಿಗೆ ಫೋನ್ ಹಚ್ಚಿ ಎಲ್ಲಾ ಹೇಳಿದಳು.

"ತೌಡು ತಿಂದು ತಿಂದು ಕೀಬೋರ್ಡಿಗೆ ಅಜೀರ್ಣ ಆಗೇತೇನ್ರಿ ಅಕ್ಕಾರ?" ಅವನು ನಕ್ಕ. "ಪತ್ರಕ್ಕ ಒತ್ತಿದಂಗ ಕಂಟ್ರೋಲ್ ಎಸ್ ಒತ್ತೀರೇನು?"

"ಸಾಹೇಬ್ರ ಸಾಲು ಅಳಿಸಿ ಹೋಗಬಾರ್ದಂತ ಸೇವ್ ಮಾಡ್ದೆ."

"ಆ ಕರಿ ಕಿಟಕ್ಯಾಗ ಅದು ಸೇವ್ ಅಲ್ರಿ, ಪರದೆ ನಿಲ್ಸೋದು. ಬಂದಿದ್ದು, ನೀವು ಬರೆದಿದ್ದು ಎಲ್ಲಾ ಹಿಂದ ಕುಂತಿರ್ತಾವ. ಕಂಟ್ರೋಲ್ ಕ್ಯೂ ಒತ್ರಿ, ಒಮ್ಮೆಲೆ ಬರ್ತಾವ."

ಒತ್ತಿದಳು. ಸಾಲುಗಳು ದಡದಡನೆ ಇಳಿದವು.

'ಸುರೇಖಾ: ಸರ್, ಅಂಬಿಕಾ ಅಕ್ಕಗ ಬರಾಕ ಆಗಲ್ಲರಿ. ಬಸುರಾಗ್ಯಾಳ. ನಿಮಗ ಹೇಳಾಕ ನಾಚಿಕಿ ಅಂತ ನನಗ ಹೇಳಂದ್ಲು.'

'ಶಿವಕಾಂತ: ಹೌದಾ? ಹಂಗಾದ್ರ ನೀವೇ ಬರ್ರಿ.'

'ಸುರೇಖಾ: ಆಗ್ಲಿ ಸರ್, ನಾನೇ ಬರ್ತೀನಿ.'

ಅಂಬಿಕಾ ಓದಿ ಮುಗಿಸುವ ಮೊದಲೇ ಅದರ ಕೆಳಗೆ ಅವಳದೇ ಸಾಲು ಮೂಡಿತು, ಮೂರೂ ಊರಿಗೆ ಹೋಯಿತು:

'ಅಂಬಿಕಾ: ನಾ ಬರ್ತೀನ್ರಿ ಸರ್. ಸಿಂಧನೂರಿನ ನನ್ನ ಜಾಗಾ ಸುರೇಖಾಗ ಕೊಡ್ರಿ. ಆಕಿ ನನ್ನ ತಂಗಿ ಇದ್ದಂಗ.'

"ಬಂತೇನ್ರಿ ಅಕ್ಕಾರ?"

"ಬಂತಪ್ಪ."

ಭೀಮೇಶ ಫೋನ್ ಇಟ್ಟ. ಸ್ವಲ್ಪ ಹೊತ್ತಿನ ಮೇಲೆ ಮೇಜಿನ ಮೇಲಿದ್ದ ಮೊಬೈಲು ಸುರೇಖಾಳ ಹೆಸರು ಹೊತ್ತು ಗುಂಯ್‌ಗುಡತೊಡಗಿತು. ಅಂಬಿಕಾ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, ಉದುರಿದ ತೌಡಿನಲ್ಲಿ ಅದು ನಡುಗುತ್ತ ಸಣ್ಣ ಗೆರೆ ಎಳೆಯುತ್ತಿದ್ದುದನ್ನು ನೋಡುತ್ತ ಕೂತಳು.